ಲಿನಕ್ಸ್: ತೆರೆಮರೆಯ ಸೇವೆಗಳಿಗೆ ಕಡಿವಾಣ

ಗಣಕಯಂತ್ರ ಚಾಲನೆಗೊಂಡೊಡನೆ ಬಳಕೆದಾರನ ಅರಿವಿಗೆ ಬಾರದಂತೆ ತೆರೆಮರೆಯಲ್ಲಿ ಕೆಲಸ ಆರಂಭಿಸುವ ತಂತ್ರಾಂಶಗಳಿಗೆ ಲಿನಕ್ಸ್‌ನಲ್ಲಿ ಡೀಮನ್ ಅಥವಾ ಸೇವೆ ಎಂದು ಹೆಸರು. ಮುದ್ರಣಕ್ಕೆ ನೆರವಾಗುವ ಕಪ್ಸ್, ದೂರದಿಂದ ಪ್ರವೇಶ ನೀಡುವ ಎಸ್‌ಎಸ್‌ಎಚ್ ಇದಕ್ಕೆ ಉದಾಹರಣೆಗಳು. ಬೇಡದ ಸೇವೆಗಳು ಮೆಮೊರಿಯನ್ನು ಕಬಳಿಸುವುದಲ್ಲದೆ, ಜಾಲಕ್ಕೆ ತೆರೆದುಕೊಂಡಿದ್ದರೆ ದಾಳಿಕೋರರಿಗೂ ದಾರಿಯಾಗಬಲ್ಲವು.

ಹಿಂದೆ ರೆಡ್ ಹ್ಯಾಟ್ ಬಳಗದಲ್ಲಿ ರನ್‌ಲೆವೆಲ್‌ಗೆ ತಕ್ಕಂತೆ ಸೇವೆಗಳನ್ನು ನಿಗದಿಪಡಿಸಲು ಚೆಕ್‌ಕಾನ್ಫಿಗ್ ಆದೇಶ ಬಳಕೆಯಲ್ಲಿತ್ತು. 2010ರಲ್ಲಿ ಲೆನಾರ್ಟ್ ಪಾಟರಿಂಗ್ ಮತ್ತು ಕೇ ಸೀವರ್ಸ್ ಆರಂಭಿಸಿದ ಸಿಸ್ಟಮ್‌ಡಿ, 2011ರಲ್ಲಿ ಫೆಡೋರಾ 15ರ, 2015ರಲ್ಲಿ ಡೆಬಿಯನ್ 8 ಹಾಗೂ ಉಬುಂಟು 15.04ರ ಪೂರ್ವನಿಯೋಜಿತ ವ್ಯವಸ್ಥೆಯಾಯಿತು.

ಇದರಲ್ಲಿ ಸಿಸ್ಟಮ್‌ಸಿಟಿಎಲ್ ಮುಖ್ಯ ಆದೇಶ. ‘ಎನೇಬಲ್’ ಎಂದರೆ ಮುಂದಿನ ಚಾಲನೆಯಿಂದ ಸೇವೆ ತಾನಾಗಿ ಆರಂಭವಾಗುತ್ತದೆ. ‘ಡಿಸೇಬಲ್’ ಎಂದರೆ ಆ ಏರ್ಪಾಡು ರದ್ದಾಗುತ್ತದೆ. ಆದರೆ ಈಗಾಗಲೇ ನಡೆಯುತ್ತಿರುವ ಸೇವೆ ಇಷ್ಟಕ್ಕೇ ನಿಲ್ಲದು. ಅದಕ್ಕೆ ‘ಸ್ಟಾಪ್’ ಆದೇಶ ಬೇಕು. ಡಿಸೇಬಲ್ ಆದ ಸೇವೆಯನ್ನು ಮತ್ತೊಂದು ಸೇವೆ ಎಬ್ಬಿಸಲೂಬಹುದು. ಅದನ್ನೂ ತಡೆಯುವುದು ‘ಮಾಸ್ಕ್’. ಯಾವ ಸೇವೆ ಎಷ್ಟು ಸಮಯ ತೆಗೆದುಕೊಂಡಿತೆಂಬುದನ್ನು ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ ತಿಳಿಸುತ್ತದೆ.

ಹೆಸರು ಅಪರಿಚಿತವೆಂಬ ಒಂದೇ ಕಾರಣಕ್ಕೆ ಸೇವೆಯನ್ನು ರದ್ದುಪಡಿಸುವುದು ಅಪಾಯಕಾರಿ. ದೂರದ ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ಅಥವಾ ಜಾಲಸಂಪರ್ಕದ ಸೇವೆಯನ್ನು ಹೀಗೆ ತೆಗೆದರೆ, ಮರುಚಾಲನೆಯ ಬಳಿಕ ನಿರ್ವಾಹಕನೇ ಹೊರಗುಳಿಯಬೇಕಾದೀತು.