ಕ್ಷಯವನ್ನು ಹುಡುಕಿದ ಕ್ಯಾಮೆರಾ

ನಾನು ಮೊದಲು ಕಂಡ ಎಕ್ಸ್‌ರೇ ಹಾಳೆ ಕರೋಶಿಯಲ್ಲಿ, ನಮ್ಮ ಪಕ್ಕದ ಮನೆಯ ಅಜ್ಜನ ಟ್ರಂಕಿನಲ್ಲಿತ್ತು. 1980ರ ಫೆಬ್ರುವರಿ 16ರ ಸೂರ್ಯಗ್ರಹಣದ ದಿನ ಹುಡುಗರೆಲ್ಲ ಅದನ್ನು ಕೇಳಿ ತಂದು, ಅದರ ಮೂಲಕ ಸೂರ್ಯನನ್ನು ನೋಡಿದೆವು. (ಹಾಗೆ ನೋಡುವುದು ಕಣ್ಣಿಗೆ ಅಪಾಯ. ಶಿಕ್ಷಕರು ಇದನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು.) ಕೊರೆದ ಸೂರ್ಯನ ಜೊತೆ ಅಜ್ಜನ ಪಕ್ಕೆಲುಬುಗಳೂ ಕಂಡವು. ಅವರಿಗೆ ಕ್ಷಯವಾಗಿತ್ತು. ತಿಂಗಳುಗಟ್ಟಲೆ ಕೆಮ್ಮಿ, ಮೂರು ನಾಲ್ಕು ಸಲ ದವಾಖಾನೆಗೆ ಹೋಗಿ, ಪ್ರತಿ ಸಲವೂ ಕೆಮ್ಮಿನ ಔಷಧದ ಬಾಟಲಿ ಹಿಡಿದು ಮರಳಿದ್ದರಂತೆ. ಕೊನೆಗೆ ಮಿರಜಕ್ಕೆ ಹೋದರು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯವರಿಗೆ ಆಗ ದೊಡ್ಡ ಆಸ್ಪತ್ರೆ ಎಂದರೆ ಮಿರಜವೇ. ಕೆನಡಾದ ವೈದ್ಯ ವಿಲಿಯಂ ವಾನ್ಲೆಸ್ 1890ರ ದಶಕದಲ್ಲಿ ಅಲ್ಲಿ ಆಸ್ಪತ್ರೆ ತೆರೆದಿದ್ದರು. ಮುಂದೆ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮವೂ ಬಂದಿತ್ತು.

ಅಜ್ಜನ ಪೀಳಿಗೆಯವರು ಔಷಧದಿಂದ ಗುಣವಾದರು. ಅವರಿಗಿಂತ ಹಿಂದಿನವರಿಗೆ ಇದ್ದದ್ದು ವಿಶ್ರಾಂತಿ, ಇಲ್ಲವೇ ಕತ್ತಿ. ರೋಗ ತಗುಲಿದ ಶ್ವಾಸಕೋಶವನ್ನು ಕುಗ್ಗಿಸಿ ಅಲುಗದಂತೆ ಮಾಡಿದರೆ ಗಾಯ ಮಾಯುತ್ತದೆ ಎಂಬುದು ಅಂದಿನ ತರ್ಕ. ಇಟಲಿಯ ಫೋರ್ಲಾನಿನಿ ಶ್ವಾಸಕೋಶದ ಸುತ್ತಲಿನ ಪೊರೆಗಳ ನಡುವೆ ಗಾಳಿ ತುಂಬಿದರು. ಕೆಲವರಲ್ಲಿ ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡು ಕುಗ್ಗುತ್ತಿರಲಿಲ್ಲ. 1910ರಲ್ಲಿ ಸ್ವೀಡನ್ನಿನ ಯಾಕೋಬೇಯಸ್ ಮೂತ್ರಕೋಶ ನೋಡುವ ದರ್ಶಕನಳಿಗೆಯನ್ನು ಎದೆಯೊಳಗೆ ತೂರಿಸಿ ನೋಡಿದ ವರದಿ ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಅದರ ಸಹಾಯದಿಂದ ಆ ಅಂಟುಗಳನ್ನು ಸುಟ್ಟು ಬಿಡಿಸತೊಡಗಿದರು. ಇಂದಿನ ವಿಡಿಯೊ ಶ್ವಾಸಕೋಶ ಶಸ್ತ್ರಕ್ರಿಯೆಯ ಮೂಲ ಅದೇ. ಅದೂ ಆಗದಿದ್ದಾಗ ಪಕ್ಕೆಲುಬುಗಳನ್ನೇ ತೆಗೆದು ಎದೆಯನ್ನು ಒಳಕ್ಕೆ ಕುಸಿಯುವಂತೆ ಮಾಡುತ್ತಿದ್ದರು. ಬದುಕಿದವರ ಒಂದು ಭುಜ ಜೀವನಪೂರ್ತಿ ಇಳಿದೇ ಇರುತ್ತಿತ್ತು.

ಇಂಥ ಚಿಕಿತ್ಸೆ ಫಲಿಸಬೇಕಾದರೆ ರೋಗ ಬೇಗ ಸಿಗಬೇಕು. ಹಾಗಾದರೆ ಆರೋಗ್ಯವಾಗಿ ಕಾಣುವವರನ್ನೂ ಸೇರಿಸಿ ಎಲ್ಲರ ಎದೆಯ ಚಿತ್ರ ತೆಗೆದರೆ? ಅಡ್ಡಿ ಹಣದ್ದು. ಎಕ್ಸ್‌ಕಿರಣವನ್ನು ಮಸೂರದಿಂದ ಬಾಗಿಸಿ ಕಿರಿದಾಗಿಸಲು ಬರುವುದಿಲ್ಲ. ಎದೆಯಷ್ಟೇ ಅಗಲದ ಫಿಲ್ಮ್ ಬೇಕು. 1936ರಲ್ಲಿ ಬ್ರೆಜಿಲ್‌ನ ವೈದ್ಯ ಮನುಯೆಲ್ ದಿ ಅಬ್ರೇವು ಸುತ್ತುದಾರಿ ಹಿಡಿದರು: ಎಕ್ಸ್‌ಕಿರಣ ಬಿದ್ದಾಗ ಬೆಳಗುವ ಪ್ರತಿದೀಪ್ತಿ ತೆರೆಯನ್ನು ಸಾಮಾನ್ಯ ಕ್ಯಾಮೆರಾದಿಂದ ಪುಟ್ಟ ಫಿಲ್ಮಿನ ಮೇಲೆ ಸೆರೆಹಿಡಿದರು.

ಸರಳ, ಅಲ್ಲವೇ? ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. ತೆರೆ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ. ಚಿತ್ರವನ್ನು ಆರನೆಯ ಒಂದು ಪಾಲಿಗೆ ಕಿರಿದಾಗಿಸಲು ಮಸೂರ ತೆರೆಯಿಂದ ತನ್ನ ಸಂಗಮದೂರದ ಏಳರಷ್ಟು ದೂರದಲ್ಲಿರಬೇಕು. ಅದರ ವ್ಯಾಸ ಸಂಗಮದೂರದ ಮೂರನೆಯ ಎರಡು ಪಾಲು ಎಂದುಕೊಳ್ಳಿ. ಅದು ಅಗ್ಗದ ಮಸೂರವೇನಲ್ಲ. ತೆರೆಯ ಮಧ್ಯದಿಂದ ಮಸೂರದ ಅಂಚಿಗೆ ಎಳೆದ ಗೆರೆ ಅಕ್ಷದೊಂದಿಗೆ ಮಾಡುವ ಕೋನದ ಸೈನ್ ಸುಮಾರು 0.048. ಅದರ ವರ್ಗವೇ ಮಸೂರಕ್ಕೆ ಸೇರುವ ಬೆಳಕಿನ ಪಾಲು: ಸಾವಿರದಲ್ಲಿ ಎರಡಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದೆಲ್ಲ ವ್ಯರ್ಥ. ಈ ನಷ್ಟ ತುಂಬಲು ಎಕ್ಸ್‌ಕಿರಣವನ್ನೇ ಹೆಚ್ಚಿಸಬೇಕು, ಅದು ಬೀಳುವುದು ರೋಗಿಯ ಮೈಮೇಲೆ.

ಪರಿಹಾರ ದೂರದರ್ಶಕದ ಕಡೆಯಿಂದ ಬಂತು. ದೊಡ್ಡ ಗೋಲೀಯ ನಿಮ್ನ ದರ್ಪಣ ಧಾರಾಳವಾಗಿ ಬೆಳಕು ಕೂಡಿಸುತ್ತದೆ, ಆದರೆ ಬಿಂಬ ಮಸುಕು. ಎದುರಿಗೆ ಒಂದು ತಿದ್ದುಗಾಜು ಇಟ್ಟರೆ ಮಸುಕು ಹೋಗುತ್ತದೆ ಎಂದು 1930ರ ಸುಮಾರಿಗೆ ಬರ್ನ್‌ಹಾರ್ಡ್ ಶ್ಮಿತ್ ತೋರಿಸಿದ್ದರು. ನಕ್ಷತ್ರಗಳಿಗಾಗಿ ಹುಟ್ಟಿದ ಈ ಉಪಾಯ ಎದೆಗೂಡಿಗೆ ಇಳಿಯಿತು. ಹಾಲೆಂಡಿನ ಆಲ್ಬರ್ಟ್ ಬೌವರ್ಸ್ ಇದೇ ಬಗೆಯ ದರ್ಪಣ ವ್ಯವಸ್ಥೆ ರೂಪಿಸಿದರು. ಡೆಲ್ಫ್ಟ್ ಊರಿನಲ್ಲಿ ತಯಾರಾದ ಒಡೆಲ್ಕಾ ದರ್ಪಣ ಕ್ಯಾಮೆರಾಗಳು ಹೆಸರುವಾಸಿಯಾದವು. ಸಂಗಮದೂರಕ್ಕೆ ಹೋಲಿಸಿದಾಗ ವ್ಯಾಸ ಇಮ್ಮಡಿಯಾದರೆ ಬೆಳಕು ನಾಲ್ಮಡಿ. ಆದರೂ ರೋಗಿಗೆ ತಗಲುವ ವಿಕಿರಣ ದೊಡ್ಡ ಹಾಳೆಯ ಚಿತ್ರಕ್ಕಿಂತ ಹೆಚ್ಚೇ ಇತ್ತು ಎಂಬುದನ್ನು ಮರೆಯಬಾರದು.

ದೃಗ್ವಿಜ್ಞಾನ ಗೆದ್ದಿತು. ಕಣ್ಣು ಗೆಲ್ಲಲಿಲ್ಲ. 1947ರಲ್ಲಿ ಅಮೆರಿಕದಲ್ಲಿ ಯೆರುಶಾಲ್ಮಿ ಮತ್ತು ಸಂಗಡಿಗರು ಚಿಕ್ಕ, ದೊಡ್ಡ ಫಿಲ್ಮುಗಳಲ್ಲಿ ಯಾವುದು ಮೇಲು ಎಂದು ಪರೀಕ್ಷಿಸಲು ಹೊರಟರು. ಕಂಡುಬಂದದ್ದು ಬೇರೆಯೇ. ಫಿಲ್ಮುಗಳ ನಡುವಿನ ವ್ಯತ್ಯಾಸಕ್ಕಿಂತ ಅವನ್ನು ಓದುವ ತಜ್ಞರ ನಡುವಿನ ವ್ಯತ್ಯಾಸ ದೊಡ್ಡದಾಗಿತ್ತು. ಅದೇ ತಜ್ಞ ಅದೇ ಚಿತ್ರವನ್ನು ಎರಡನೆಯ ಸಲ ನೋಡಿ ಬೇರೆ ಮಾತು ಹೇಳುವುದೂ ಇತ್ತು.

ಇಷ್ಟರಲ್ಲಿ ಔಷಧಗಳು ಬಂದವು: 1943ರಲ್ಲಿ ಸ್ಟ್ರೆಪ್ಟೋಮೈಸಿನ್, 1952ರಲ್ಲಿ ಐಸೋನಿಯಾಜಿಡ್. ಮನೆಯಲ್ಲೇ ಇದ್ದು ಮಾತ್ರೆ ನುಂಗಿದ ಬಡರೋಗಿಗಳೂ ಆರೋಗ್ಯಧಾಮದಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು ಮದರಾಸಿನ ಸಂಶೋಧನೆ 1959ರಲ್ಲಿ ತೋರಿಸಿತು. ಇನ್ನು ಉಳಿದದ್ದು ರೋಗಿಯನ್ನು ಹುಡುಕುವ ಕೆಲಸ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. 1960-61ರಲ್ಲಿ ಅದರ ತಂಡಗಳು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಎಕ್ಸ್‌ರೇ ವಾಹನ ಒಯ್ದು 70 ಮಿಲಿಮೀಟರ್ ಫಿಲ್ಮಿನಲ್ಲಿ ಎದೆಚಿತ್ರ ತೆಗೆದವು.

ಅದರ ಬೆನ್ನಿಗೇ ದೇಬಬ್ರತ ಅಲ್ಲ, ದೇಬಬರ್ ಬ್ಯಾನರ್ಜಿ (ಹೆಸರು ಹಲವೆಡೆ ತಪ್ಪಾಗಿ ಅಚ್ಚಾಗುತ್ತದೆ) ಮತ್ತು ಸ್ಟಿಗ್ ಆಂಡರ್ಸನ್ ಅದೇ ಜಿಲ್ಲೆಯಲ್ಲಿ ಕೇಳಿದ ಪ್ರಶ್ನೆ ನನಗೆ ಕ್ಯಾಮೆರಾಕ್ಕಿಂತ ದೊಡ್ಡದೆನಿಸುತ್ತದೆ. ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳ ಮನೆಗೆ ಹೋಗಿ, ನಿಮಗೆ ಏನಾಗುತ್ತಿದೆ, ಯಾರ ಬಳಿ ಹೋಗಿದ್ದಿರಿ ಎಂದು ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಉತ್ತರ: ಹೆಚ್ಚಿನವರಿಗೆ ತಮ್ಮ ಕಾಯಿಲೆಯ ಲಕ್ಷಣಗಳ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿದ್ದರು. ಅಲ್ಲಿ ಕ್ಷಯವೆಂದು ಗುರುತಿಸದೆ ಕೆಮ್ಮಿನ ಔಷಧ ಕೊಟ್ಟು ಕಳಿಸಿದ್ದರು. ಹಾಗಿದ್ದಮೇಲೆ ಊರೂರಿಗೆ ವಾಹನ ಏಕೆ? ಕೆಮ್ಮುತ್ತ ಬಂದವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. 1962ರಿಂದ ರೂಪುಗೊಂಡ ಜಿಲ್ಲಾ ಕ್ಷಯ ಕಾರ್ಯಕ್ರಮ ನಿಂತದ್ದು ಈ ತಿಳಿವಿನ ಮೇಲೆ.

ಇದೇ ಬಳಗದಲ್ಲಿದ್ದ ನಾರ್ವೆಯ ಸಂಖ್ಯಾಶಾಸ್ತ್ರಜ್ಞ ಹನ್ಸ್ ವಾಲರ್ 1962ರಲ್ಲಿ ಗೇಸರ್ ಮತ್ತು ಆಂಡರ್ಸನ್ ಜೊತೆ, ಜನರನ್ನು ಸೋಂಕಿಲ್ಲದವರು, ಸೋಂಕಿನವರು, ರೋಗಿಗಳು ಎಂದು ವಿಂಗಡಿಸಿ ವರ್ಷದಿಂದ ವರ್ಷಕ್ಕೆ ಲೆಕ್ಕ ಮುಂದುವರಿಸುವ ಗಣಿತ ಮಾದರಿ ಪ್ರಕಟಿಸಿದರು. ಇಂದು ಕಂಪ್ಯೂಟರಿನಲ್ಲಿ ಓಡುವ ಕ್ಷಯ ಮಾದರಿಗಳ ಪೂರ್ವಜ ಇದು.

ಆದರೆ ಕಥೆ ಮತ್ತೆ ತಿರುಗಿದೆ. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಲಕ್ಷಣಗಳಿದ್ದವರಲ್ಲಿ ಸುಮಾರು ಶೇ. 64 ಮಂದಿ ಚಿಕಿತ್ಸೆಗೆ ಹೋಗಿರಲೇ ಇಲ್ಲ. ದೃಢಪಟ್ಟ ರೋಗಿಗಳಲ್ಲಿ ಶೇ. 42ಕ್ಕೂ ಹೆಚ್ಚು ಮಂದಿ ಎಕ್ಸ್‌ರೇ ಇಲ್ಲದಿದ್ದರೆ ಸಿಗುತ್ತಲೇ ಇರಲಿಲ್ಲ. ಕೆಮ್ಮು ಹೇಳಿಕೊಂಡು ಬರುವವರಿಗಾಗಿ ಕಾಯುವ ಕ್ರಮಕ್ಕೆ ಮಿತಿಯಿತ್ತು ಎಂದಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 15 ವರ್ಷ ಮತ್ತು ಮೇಲ್ಪಟ್ಟವರ ಎದೆಚಿತ್ರವನ್ನು ಕಂಪ್ಯೂಟರ್ ತಂತ್ರಾಂಶ ಓದಬಹುದೆಂದು ಒಪ್ಪಿತು. 2024ರ ಡಿಸೆಂಬರ್ 7ರಂದು ಆರಂಭವಾದ ನೂರು ದಿನಗಳ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಹಳ್ಳಿಗೆ ಬಂದವು. ತಂತ್ರಾಂಶ ದಣಿಯುವುದಿಲ್ಲ, ಅದೇ ಚಿತ್ರಕ್ಕೆ ಎರಡನೆಯ ಸಲವೂ ಅದೇ ಅಂಕ ಕೊಡುತ್ತದೆ. ಯಾವ ಅಂಕದ ಮೇಲೆ ರೋಗಶಂಕೆ ಎನ್ನಬೇಕೆಂಬುದನ್ನು ಮಾತ್ರ ಮನುಷ್ಯರೇ ಗೊತ್ತುಮಾಡಬೇಕು. ಗೆರೆ ಕೆಳಗಿಟ್ಟರೆ ಆರೋಗ್ಯವಂತರೂ ಕಫದ ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಮೇಲಿಟ್ಟರೆ ನಮ್ಮ ಪಕ್ಕದ ಮನೆಯ ಅಜ್ಜನಂಥವರು ಮತ್ತೆ ಬಾಟಲಿ ಹಿಡಿದು ಮನೆಗೆ ಹೋಗುತ್ತಾರೆ.