ನಾಣ್ಯದ ಆಟಯಂತ್ರ ಮತ್ತು ಹೊಣೆಗಾರಿಕೆ ವಿಮೆ

ನಾಣ್ಯ ಹಾಕಿ ಆಡುವ ಯಂತ್ರಗಳ ವ್ಯಾಪಾರ ಅಮೆರಿಕದಲ್ಲಿ ಬೆಳೆದದ್ದು ಒಂದು ವಿಚಿತ್ರ ಹೊಂದಾಣಿಕೆಯ ಮೇಲೆ. ಆಪರೇಟರ್ ಎನಿಸಿಕೊಂಡವನು ಯಂತ್ರವನ್ನು ಕೊಂಡು ಬಾರು, ಹೋಟೆಲು, ಅಂಗಡಿಗಳಲ್ಲಿ ಇಡುತ್ತಾನೆ. ಆಗಾಗ ಬಂದು ಪೆಟ್ಟಿಗೆ ತೆರೆದು, ಬಿದ್ದ ಹಣವನ್ನು ಜಾಗದ ಮಾಲೀಕನೊಡನೆ ಹಂಚಿಕೊಳ್ಳುತ್ತಾನೆ. ಯಂತ್ರ ಒಬ್ಬನದು, ನೆಲ ಇನ್ನೊಬ್ಬನದು, ಆಡುವವನು ಇಬ್ಬರಿಗೂ ಗುರುತಿಲ್ಲದ ಗಿರಾಕಿ. ಅವನಿಗೆ ಶಾಕ್ ಹೊಡೆದರೆ, ಯಂತ್ರ ಮಗುಚಿ ಮಗುವಿನ ಕಾಲ ಮೇಲೆ ಬಿದ್ದರೆ ಪರಿಹಾರ ಯಾರು ಕೊಡಬೇಕು ಎಂಬುದೇ ಈ ವಿಮೆಯ ಮೂಲಪ್ರಶ್ನೆ.

1931ರಲ್ಲಿ ಷಿಕಾಗೋದ ಗಾಟ್ಲೀಬ್ ಕಂಪನಿಯ ‘ಬ್ಯಾಫಲ್ ಬಾಲ್’ ಎಂಬ ನಾಣ್ಯದ ಆಟಯಂತ್ರ ಬಂದಾಗ ಈ ಪ್ರಶ್ನೆ ಇನ್ನೂ ಹರಳುಗಟ್ಟಿರಲಿಲ್ಲ. ತಯಾರಕನ ಮಟ್ಟಿಗೆ 1916ರಲ್ಲೇ ದಾರಿ ತೆರೆದಿತ್ತು: ಮ್ಯಾಕ್‌ಫರ್ಸನ್ ಮತ್ತು ಬ್ಯೂಯಿಕ್ ಮೊಕದ್ದಮೆಯಲ್ಲಿ, ತನ್ನಿಂದ ನೇರವಾಗಿ ಕೊಳ್ಳದವನಿಗೂ ಕಾರು ತಯಾರಕ ಎಚ್ಚರದ ಹೊಣೆ ಹೊರಬೇಕೆಂದು ನ್ಯೂಯಾರ್ಕಿನ ನ್ಯಾಯಾಲಯ ಹೇಳಿತ್ತು. ವಿಮೆಯಾದರೋ ಕಟ್ಟಡಕ್ಕೊಂದು, ಲಿಫ್ಟಿಗೊಂದು, ಸರಕಿಗೊಂದು ಎಂದು ಚೂರುಚೂರಾಗಿತ್ತು. 1940ರ ದಶಕದ ಆರಂಭದಲ್ಲಿ ಇವನ್ನೆಲ್ಲ ಒಟ್ಟುಗೂಡಿಸಿದ ಸಮಗ್ರ ಸಾಮಾನ್ಯ ಹೊಣೆಗಾರಿಕೆ ಪಾಲಿಸಿ ರೂಪುಗೊಂಡಿತು.

ಬಾಡಿಗೆಗೆ ಕೊಟ್ಟವನ ಸರದಿ ಬಂದದ್ದು ಮುಂದೆ. 1965ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು, ಬ್ರೇಕು ಕೈಕೊಟ್ಟ ಬಾಡಿಗೆ ಲಾರಿಯೊಂದರ ಮೊಕದ್ದಮೆಯಲ್ಲಿ, ಮಾರುವವನಷ್ಟೇ ಬಾಡಿಗೆಗೆ ಕೊಡುವವನೂ ಹೊಣೆ ಎಂದಿತು. 1970ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ಗುತ್ತಿಗೆಗೆ ಕೊಟ್ಟ ತೈಲದ ಲಾರಿಯ ಏಣಿ ಮುರಿದು ಬಿದ್ದವನ ಮೊಕದ್ದಮೆಯಲ್ಲಿ ಅದೇ ದಾರಿ ಹಿಡಿಯಿತು. ಬಾಡಿಗೆಯನ್ನೇ ಕಸುಬಾಗಿಸಿಕೊಂಡವನು ತಪ್ಪು ಮಾಡಿದನೋ ಇಲ್ಲವೋ ಎಂದು ಕೇಳಬೇಕಿಲ್ಲ. ಕೊಟ್ಟ ವಸ್ತುವಿನಲ್ಲಿ ದೋಷವಿದ್ದರೆ ಸಾಕು. ಯಂತ್ರಗಳನ್ನು ನೂರಾರು ಕಡೆ ಹರಡಿದವನಿಗೆ ಇದು ಭಾರವಾದ ಮಾತು. ಪೆಟ್ಟು ತಿಂದವನಿಗೆ ನ್ಯಾಯದ ಮಾತು.

ಪಾಲಿಸಿಯ ಒಕ್ಕಣೆಯಲ್ಲಿ ಇದಕ್ಕೆ ಸಿಕ್ಕ ಉತ್ತರ ಒಂದೇ ಸಾಲಿನದು, ಆದರೆ ಇಡೀ ಕ್ಷೇತ್ರದಲ್ಲಿ ಅದರಷ್ಟು ಮುಖ್ಯವಾದದ್ದು ಬೇರೊಂದಿಲ್ಲ. ಅಮೆರಿಕದ ಪ್ರಮಾಣಿತ ನಮೂನೆಯ ಪ್ರಕಾರ, ಮಾರದೆ ಬಾಡಿಗೆಗೆ ಕೊಟ್ಟ ಅಥವಾ ಇತರರ ಬಳಕೆಗೆಂದು ಇಟ್ಟ ಮಾರಾಟಯಂತ್ರ ಮತ್ತಿತರ ಸ್ವತ್ತು, ವಿಮೆದಾರನ ‘ಉತ್ಪನ್ನ’ವಲ್ಲ. ಮಾರಿದ ಸರಕು ಕೈಬಿಟ್ಟು ಹೋಗುತ್ತದೆ. ಇಟ್ಟ ಯಂತ್ರ ಹೋಗುವುದಿಲ್ಲ. ಅದರಿಂದಾದ ಗಾಯ ಉತ್ಪನ್ನದ ಲೆಕ್ಕಕ್ಕಲ್ಲ, ನಡೆಯುತ್ತಿರುವ ವ್ಯವಹಾರದ ಲೆಕ್ಕಕ್ಕೆ ಸೇರುತ್ತದೆ. ಉತ್ಪನ್ನದ ಹೊಣೆಯನ್ನು ಪಾಲಿಸಿಯಿಂದ ತೆಗೆಸಿದ ಆಪರೇಟರನಿಗೂ ಆ ಕಾರಣಕ್ಕೆ ರಕ್ಷಣೆ ತಪ್ಪುವುದಿಲ್ಲ. 1986ರ ಪರಿಷ್ಕೃತ ನಮೂನೆಯಲ್ಲೂ ಈ ಸಾಲು ಉಳಿಯಿತು. ಪ್ರೀಮಿಯಂ ವಿಪರೀತ ಏರಿದ್ದ ಆ ವರ್ಷಗಳಲ್ಲೇ ಪಾಲಿಸಿಗೆ ಸಾಮಾನ್ಯ ಒಟ್ಟು ಮಿತಿಯೂ ಬಂತು: ಒಂದು ಯಂತ್ರದ ಅಪಘಾತಕ್ಕೆ ಹೋದ ಹಣ, ಅದೇ ಅವಧಿಯ ಮತ್ತೊಂದು ಅಪಘಾತಕ್ಕೆ ಉಳಿಯುವ ಹಣವನ್ನು ಕಡಿಮೆ ಮಾಡುತ್ತದೆ.

ಅಪಾಯ ಕಲ್ಪನೆಯದಲ್ಲ. ಪಾನೀಯದ ನಾಣ್ಯಯಂತ್ರವನ್ನು ಅಲುಗಾಡಿಸಿ ಮೈಮೇಲೆ ಕೆಡವಿಕೊಂಡ 15 ಜನರ ಬಗ್ಗೆ 1988ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ವರದಿ ಪ್ರಕಟಿಸಿತು. ಅವರಲ್ಲಿ ಮೂವರು ಸತ್ತಿದ್ದರು. ಯಂತ್ರವನ್ನು ಗೋಡೆಗೋ ನೆಲಕ್ಕೋ ಬಿಗಿಯುವುದು ಅಗ್ಗದ ಕೆಲಸ, ಮತ್ತು ಯಾವ ಪಾಲಿಸಿಗಿಂತಲೂ ಮೊದಲು ಆಗಬೇಕಾದ ಕೆಲಸ. ಜಾಗದ ಮಾಲೀಕರು ಆಪರೇಟರನ ಪಾಲಿಸಿಯಲ್ಲಿ ಹೆಚ್ಚುವರಿ ವಿಮೆದಾರರಾಗಿ ತಮ್ಮ ಹೆಸರನ್ನೂ ಸೇರಿಸಲು ಕೇಳುವುದು ವಾಡಿಕೆ.

ಭಾರತದಲ್ಲಿ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗಷ್ಟೇ ಕಡ್ಡಾಯ. ಮಾಲಿನ ಆಟಯಂತ್ರ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಉತ್ಪನ್ನ ಮಾರಾಟಗಾರ’ ಎಂಬ ಪದದೊಳಗೆ ಗುತ್ತಿಗೆಗೆ ಕೊಡುವವನನ್ನೂ ಸೇರಿಸಿದೆ. ವಸ್ತುವನ್ನು ಪರೀಕ್ಷಿಸಲು ಅವಕಾಶವೇ ಇಲ್ಲದ, ಅದರ ಆಯ್ಕೆ, ಸ್ವಾಧೀನ, ನಿರ್ವಹಣೆ, ಚಾಲನೆಯೆಲ್ಲ ಬೇರೆಯವರ ಕೈಯಲ್ಲಿರುವ ಗುತ್ತಿಗೆದಾತನಿಗೆ ಮಾತ್ರ ವಿನಾಯಿತಿ. ಕೀಲಿಯನ್ನು ತನ್ನಲ್ಲೇ ಇಟ್ಟುಕೊಂಡು, ರಿಪೇರಿಯನ್ನೂ ತಾನೇ ಮಾಡಿಸುವ ಯಂತ್ರದೊಡೆಯ ಆ ವಿನಾಯಿತಿಯ ಹೊರಗೇ ಉಳಿಯುತ್ತಾನೆ.