ಬರಿಗಾಲಿನ ಇನ್‌ಸೈಡ್ ಲೆಫ್ಟ್: ಬೆಂಗಳೂರಿನ ಅಹ್ಮದ್ ಖಾನ್ ಮತ್ತು ಭಾರತದ ಮೊದಲ ಒಲಿಂಪಿಕ್ ಮುಂಪಡೆ

ಭಾರತದ ಫುಟ್‌ಬಾಲ್ ಚರಿತ್ರೆಯಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಅವರ ಹೆಸರು ಸಾಮಾನ್ಯವಾಗಿ ಎರಡು ಕಡೆ ಸಿಗುತ್ತದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಭಾರತವನ್ನು 10–1ರಿಂದ ಸೋಲಿಸಿದಾಗ ನಮ್ಮ ಪಾಲಿನ ಆ ಒಂದೇ ಗೋಲು ಅವರದು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರಲ್ಲಿ ಅವರೊಬ್ಬರು. ಎರಡೂ ನಿಜವೇ. ಆದರೆ ಇವೆರಡನ್ನೇ ಹಿಡಿದು ಅವರ ಆಟದ ಬದುಕನ್ನು ಅಳೆಯಹೊರಟರೆ ಮುಖ್ಯವಾದದ್ದೇ ಕೈತಪ್ಪಿಹೋಗುತ್ತದೆ. ಅಹ್ಮದ್ ಗೋಲು ಹೊಡೆದದ್ದಕ್ಕಿಂತ ಹೆಚ್ಚಾಗಿ ಗೋಲು ಹುಟ್ಟಿಸಿದ ಫಾರ್ವರ್ಡ್. ಆ ವಿದ್ಯೆಯನ್ನು ಅವರು ಕೋಲ್ಕತ್ತದಲ್ಲಿ ಕಲಿತದ್ದಲ್ಲ, ಬೆಂಗಳೂರು ದಂಡಿನ ಮೈದಾನಗಳಿಂದ ಅಲ್ಲಿಗೆ ಒಯ್ದದ್ದು. ಈ ಲೇಖನದ ವಾದ ಇಷ್ಟೇ.

ಅಹ್ಮದ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ, ಫುಟ್‌ಬಾಲ್ ಆಡುವ ಮನೆತನದಲ್ಲಿ. 1809ರಲ್ಲಿ ದಂಡು ಪ್ರದೇಶ ನೆಲೆಗೊಂಡಾಗಿನಿಂದ ನಗರದ ಪೂರ್ವಭಾಗಕ್ಕೆ ಬೇರೆಯದೇ ಒಂದು ಜೀವನಕ್ರಮ ಬಂದಿತ್ತು. ಬ್ರಿಟಿಷ್ ರೆಜಿಮೆಂಟುಗಳು ಚೆಂಡನ್ನು ತಂದವು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ತಮಿಳು, ಉರ್ದು, ಕನ್ನಡ ಮಾತಾಡುವ ಹುಡುಗರು ಅದನ್ನು ತಮ್ಮದಾಗಿಸಿಕೊಂಡರು. ಇದು ದುಡಿಯುವ ಜನರ ಬೀದಿಗಳ ಆಟ. ಕೋಟೆ, ಪೇಟೆ, ಬಸವನಗುಡಿಗಳ ಕನ್ನಡ ಬರಹಲೋಕಕ್ಕೆ ಈ ಬೀದಿಗಳು ದೂರವೇ ಉಳಿದವು. ಕ್ರಿಕೆಟ್ಟಿನ ಬಗ್ಗೆ ನಾವು ಬರೆದುಕೊಂಡಷ್ಟನ್ನು ಫುಟ್‌ಬಾಲ್ ಬಗ್ಗೆ ಬರೆದುಕೊಳ್ಳದಿರುವುದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಈ ಬೀದಿಗಳ ಸಾಮರ್ಥ್ಯ ಎಷ್ಟಿತ್ತೆಂಬುದಕ್ಕೆ ಮುಂಬಯಿಯ ರೋವರ್ಸ್ ಕಪ್ ಸಾಕ್ಷಿ. 1891ರಲ್ಲಿ ಶುರುವಾದ ಈ ಪಂದ್ಯಾವಳಿ ನಾಲ್ಕು ದಶಕಗಳಿಗೂ ಮಿಕ್ಕಿ ಸೇನಾ ತಂಡಗಳ ಸ್ವತ್ತಾಗಿತ್ತು. 1937ರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ತಂಡ ಅದನ್ನು ಗೆದ್ದಿತು. ಫೈನಲ್‌ನಲ್ಲಿ ಸೋತದ್ದು, ಕಲ್ಕತ್ತಾ ಲೀಗನ್ನು ವರ್ಷ ವರ್ಷವೂ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ ಫೈನಲ್‌ನಲ್ಲಿ ಸ್ಕಾಟಿಷ್ ಸೈನಿಕರ ತಂಡವನ್ನು ಮಣಿಸಿ ಬೆಂಗಳೂರಿನವರೇ ಕಪ್ಪನ್ನು ಉಳಿಸಿಕೊಂಡರು. ಆಗ ಅಹ್ಮದ್ ಹನ್ನೊಂದರ ಹುಡುಗ. ಬೆಂಗಳೂರು ಕ್ರೆಸೆಂಟ್ಸ್‌ನಲ್ಲಿ ಆಡಿ, ಮುಂದೆ ಅದೇ ಬೆಂಗಳೂರು ಮುಸ್ಲಿಮ್ಸ್ ಸೇರಿದರು. 1948ರಲ್ಲಿ ಆ ತಂಡ ಮತ್ತೊಮ್ಮೆ ರೋವರ್ಸ್ ಕಪ್ ತಂದಿತು. ಅದಕ್ಕೂ ಮುನ್ನ, 1946–47ರಲ್ಲಿ, ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. 1948ರಲ್ಲಿ ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡವನ್ನು ಕಟ್ಟುವಾಗ ಬೆಂಗಳೂರಿನ ಕಡೆ ನೋಡಿದ್ದು ಆಕಸ್ಮಿಕವಲ್ಲ.

ಬರಿಗಾಲಿನ ಆಟವನ್ನು ನಾವು ಈಗ ಬಡತನದ ಗುರುತಾಗಿಯೋ ರೋಚಕ ಕಥೆಯಾಗಿಯೋ ನೋಡುತ್ತೇವೆ. ಅದೊಂದು ತಂತ್ರವಾಗಿತ್ತು ಎಂಬುದನ್ನು ಮರೆಯಬಾರದು. ಬೂಟಿನ ಗಟ್ಟಿ ಚರ್ಮ ಹೊಡೆತಕ್ಕೆ ಬಲ ಕೊಡುತ್ತದೆ, ಚೆಂಡಿನ ಸ್ಪರ್ಶವನ್ನು ಮಂದ ಮಾಡುತ್ತದೆ. ಬರಿಗಾಲಿನವನಿಗೆ ಪಾದವೆಲ್ಲ ಇಂದ್ರಿಯ. ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆಳೆಯಬಹುದು, ಬೆರಳಿನಿಂದ ತುಸುವೇ ತಳ್ಳಿ ಎದುರಾಳಿ ಕಾಲು ಚಾಚಿದ ಕ್ಷಣದಲ್ಲಿ ಪಕ್ಕಕ್ಕೆ ಜಾರಿಸಬಹುದು. ಒಣನೆಲದಲ್ಲಿ ಇದು ವರ. ಮಳೆ ಬಿದ್ದು ನೆಲ ಕೆಸರಾದರೆ ಕಾಲು ನಿಲ್ಲುವುದಿಲ್ಲ. ಮಳೆಗಾಲದಲ್ಲೇ ನಡೆಯುತ್ತಿದ್ದ ಕಲ್ಕತ್ತಾ ಲೀಗಿನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ 1930ರ ದಶಕದಲ್ಲೇ ಒದ್ದೆ ನೆಲಕ್ಕೆ ಬೂಟು ತೊಟ್ಟದ್ದು ಇದೇ ಕಾರಣಕ್ಕೆ. ಅಹ್ಮದ್ ಅವರ ಚೆಂಡಿನ ಹಿಡಿತ ಎಂಥದ್ದೆಂದರೆ ಅವರನ್ನು ‘ಹಾವಾಡಿಗ’ ಎಂದೇ ಕರೆದರು. ಎದುರಿನ ಬ್ಯಾಕ್ ಆಟಗಾರ ಚೆಂಡನ್ನೇ ನೋಡುತ್ತ ತನ್ನ ಜಾಗ ಬಿಟ್ಟು ಬರುತ್ತಿದ್ದ. ಆ ಖಾಲಿ ಜಾಗಕ್ಕೆ ಪಾಸು ಹೋಗುತ್ತಿತ್ತು.

1948ರ ಜುಲೈ 31ರಂದು ಲಂಡನ್ನಿನ ಇಲ್ಫರ್ಡ್‌ನಲ್ಲಿ ಭಾರತ ಫ್ರಾನ್ಸನ್ನು ಎದುರಿಸಿತು. ನಾಯಕ ನಾಗಾ ನಾಡಿನ ತಾಲಿಮೆರೆನ್ ಆವ್. ಅಂದು ಆಡಿದ ಹನ್ನೊಂದು ಮಂದಿಯಲ್ಲಿ ಬೆಂಗಳೂರಿನ ಆಟದಿಂದ ಬಂದವರು ಗೋಲ್‌ಕೀಪರ್ ವರದರಾಜ್, ವಜ್ರವೇಲು, ಅಹ್ಮದ್ ಮತ್ತು ಸಾರಂಗಪಾಣಿ ರಾಮನ್. ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಮೂವತ್ತನೆಯ ನಿಮಿಷದಲ್ಲಿ ರೆನೆ ಕೂರ್ಬಾನ್ ಫ್ರಾನ್ಸಿಗೆ ಮುನ್ನಡೆ ಕೊಟ್ಟರು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು. ಶೈಲೇನ್ ಮನ್ನಾ ಮತ್ತು ಮಹಾವೀರ ಪ್ರಸಾದ್ ಇಬ್ಬರೂ ಅವನ್ನು ಕೈಚೆಲ್ಲಿದರು. ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಗೋಲು ಹೊಡೆದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊತ್ತಮೊದಲ ಫುಟ್‌ಬಾಲ್ ಗೋಲು ಅದು, ಬೆಂಗಳೂರಿನ ಕಾಲಿನಿಂದ ಬಂದದ್ದು. ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಪೆರ್ಸಿಯೋನ್ ಹೊಡೆದ ಗೋಲು ಪಂದ್ಯವನ್ನು 2–1ರಿಂದ ಕಿತ್ತುಕೊಂಡಿತು. ರಾಮನ್ ಹೆಸರಿನ ಒಂದು ರಸ್ತೆಯಾಗಲಿ ಸ್ಟ್ಯಾಂಡಾಗಲಿ ನಮ್ಮ ಊರಿನ ಜನರ ಬಾಯಲ್ಲಿಲ್ಲ ಎಂಬುದು ನೋವಿನ ಸಂಗತಿ.

ಅಹ್ಮದ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಕ್ಲಬ್ಬಿನ ಕಾರ್ಯದರ್ಶಿ ಜೆ.ಸಿ. ಗುಹಾ ದಕ್ಷಿಣದ ಮೈದಾನಗಳನ್ನು ಜಾಲಾಡಿ ಆಟಗಾರರನ್ನು ಆರಿಸುತ್ತಿದ್ದ ಕಾಲ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್, ಸಾಲೆ: ಬಲದಿಂದ ಎಡಕ್ಕೆ ಇದು ಆ ಐವರ ಸಾಲು. ನಡುವಿನ ಧನರಾಜ್ ಕೂಡ ಬೆಂಗಳೂರಿನವರೇ. 1949, 1950, 1951 ಹೀಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಅವರದಾಯಿತು. ಮೊದಲ ವರ್ಷ ಲೀಗ್ ಮತ್ತು ರೋವರ್ಸ್ ಕಪ್ಪೂ ಬಂದವು. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್. ದೇಶವಿಭಜನೆಯಿಂದ ನೆಲೆ ಕಳೆದುಕೊಂಡು ಕೋಲ್ಕತ್ತಕ್ಕೆ ಬಂದ ಪೂರ್ವ ಬಂಗಾಳದ ಜನರಿಗೆ ಆ ಗೆಲುವುಗಳು ಬರೀ ಆಟವಾಗಿರಲಿಲ್ಲ. ಹೊಸ ಊರಿನಲ್ಲಿ ತಲೆ ಎತ್ತಿ ನಡೆಯಲು ಅವು ಬಲ ಕೊಟ್ಟವು. ಆ ಬಲವನ್ನು ಕೊಟ್ಟವರಲ್ಲಿ ಬೆಂಗಳೂರಿನ ಇಬ್ಬರಿದ್ದರು.

ಇನ್‌ಸೈಡ್ ಲೆಫ್ಟ್ ಎಂಬ ಜಾಗವೇ ಈಗ ಮರೆಯಾಗಿದೆ. ಎರಡು ಬ್ಯಾಕ್, ಮೂರು ಹಾಫ್, ಐದು ಫಾರ್ವರ್ಡ್ ಎಂಬ ಹಳೆಯ ವ್ಯೂಹದಲ್ಲಿ ಸೆಂಟರ್ ಫಾರ್ವರ್ಡಿಗೂ ಎಡ ವಿಂಗರಿಗೂ ನಡುವೆ, ಒಂದು ಹೆಜ್ಜೆ ಹಿಂದೆ ನಿಲ್ಲುವವನು ಅವನು. ಹಾಫ್‌ಗಳಿಂದ ಚೆಂಡು ಪಡೆಯುವುದು, ತಡೆದು ನಿಲ್ಲಿಸುವುದು, ಇಬ್ಬರನ್ನು ತನ್ನತ್ತ ಸೆಳೆಯುವುದು, ಮತ್ತೊಬ್ಬನಿಗೆ ದಾರಿ ಮಾಡಿಕೊಡುವುದು ಅವನ ಕೆಲಸ. ಆ ಕಾಲದ ಅಂಕಿಪುಸ್ತಕಗಳು ಗೋಲು ಹೊಡೆದವನ ಹೆಸರು ಬರೆದವು, ಪಾಸು ಕೊಟ್ಟವನ ಹೆಸರನ್ನು ಬರೆಯಲಿಲ್ಲ.

ಇಲ್ಲಿ ಆಸ್ಟ್ರಿಯಾದ ಕಡೆ ನೋಡಿದರೆ ಅನುಕೂಲ. ವಿಯೆನ್ನಾದಲ್ಲಿ 1924ರಲ್ಲೇ ವೃತ್ತಿಪರ ಲೀಗ್ ಶುರುವಾಯಿತು. ಯುರೋಪಿನ ಮುಖ್ಯಭೂಮಿಯಲ್ಲಿ ಅದೇ ಮೊದಲು. ಅಲ್ಲಿನ ಮಥಿಯಾಸ್ ಸಿಂಡೆಲಾರ್ (1903–1939) ಸೆಂಟರ್ ಫಾರ್ವರ್ಡ್ ಆಗಿದ್ದರೂ ಹಿಂದಕ್ಕೆ ಸರಿದು ಆಟ ಕಟ್ಟುತ್ತಿದ್ದರು. ಸಪೂರ ದೇಹದಿಂದ ರಕ್ಷಕರ ನಡುವೆ ನುಸುಳುವ ಅವರಿಗೆ ‘ಕಾಗದದ ಮನುಷ್ಯ’ ಎಂಬ ಹೆಸರಿತ್ತು. 1931ರ ಮೇ ತಿಂಗಳಲ್ಲಿ ಹ್ಯೂಗೊ ಮೈಸ್ಲ್ ತರಬೇತಿಯ ಆಸ್ಟ್ರಿಯಾ ತಂಡ ಸ್ಕಾಟ್ಲೆಂಡನ್ನು 5–0ರಿಂದ ಸೋಲಿಸಿತು. ಬಲಕ್ಕಿಂತ ಚಾತುರ್ಯ ನೆಚ್ಚಿದ ಆಟ ಎಂಬ ಅರ್ಥದಲ್ಲಿ ಸಿಂಡೆಲಾರ್ ಮತ್ತು ಅಹ್ಮದ್ ಒಂದೇ ಜಾತಿಯವರು. ಆದರೆ ಆಟವೇ ಸಿಂಡೆಲಾರ್ ಅವರ ಜೀವನೋಪಾಯವಾಗಬಹುದಿತ್ತು, ಅದಕ್ಕೆ ಒಪ್ಪಂದವಿತ್ತು, ವಾರವಾರದ ದಾಖಲೆ ಇತ್ತು. ಭಾರತದ ಆಟಗಾರ ಕಾಗದದ ಮೇಲೆ ಅಮೆಚೂರ್. ಅವನ ಪ್ರತಿಭೆಗೆ ದೇಶವ್ಯಾಪಿ ಲೀಗ್ ಸಿಗಲು 1996ರವರೆಗೆ ಕಾಯಬೇಕಾಯಿತು.

ಇದೇ ವ್ಯತ್ಯಾಸ ಹೆಲ್ಸಿಂಕಿಯ ಸೋಲನ್ನೂ ವಿವರಿಸುತ್ತದೆ. ಆಗ ಒಲಿಂಪಿಕ್ಸ್ ಅಮೆಚೂರ್‌ಗಳಿಗೆ ಮಾತ್ರವಾಗಿತ್ತು. ಹಾಗಾಗಿ ಆಸ್ಟ್ರಿಯಾ ತನ್ನ ವೃತ್ತಿಪರರನ್ನು ಮನೆಯಲ್ಲೇ ಬಿಟ್ಟು ಬಂದಿತ್ತು; ಎರಡು ವರ್ಷದ ಬಳಿಕ ಆ ದೇಶ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆಯಿತು. ಸಮಾಜವಾದಿ ದೇಶಗಳಲ್ಲಿ ವೃತ್ತಿಪರತೆ ಎಂಬುದೇ ಅಧಿಕೃತವಾಗಿ ಇರಲಿಲ್ಲವಾದ್ದರಿಂದ ಯುಗೊಸ್ಲಾವಿಯ ತನ್ನ ಪೂರ್ಣ ರಾಷ್ಟ್ರೀಯ ತಂಡವನ್ನೇ ಕಳಿಸಿತು. 1952ರ ಜುಲೈ 15ರಂದು ಭಾರತದ ಎದುರು ನಿಂತವರು ಬ್ರಾಂಕೊ ಜೆಬೆಟ್ಸ್, ರಾಯ್ಕೊ ಮಿಟಿಚ್, ಬರ್ನಾರ್ಡ್ ವುಕಾಸ್. ಜೆಬೆಟ್ಸ್ ಒಬ್ಬರೇ ನಾಲ್ಕು ಗೋಲು ಹೊಡೆದರು. ಆ ತಂಡ ಫೈನಲ್‌ವರೆಗೆ ಹೋಗಿ ಪುಷ್ಕಾಶ್ ಅವರ ಹಂಗೆರಿಗಷ್ಟೇ ಸೋತಿತು. ಹಿಂದಿನ ವರ್ಷ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ನಮ್ಮ ತಂಡ, ಅಹ್ಮದ್ ಕೂಡ ಇದ್ದ ಆ ತಂಡ, ಎಂಬತ್ತು ನಿಮಿಷಗಳ ಪಂದ್ಯಗಳನ್ನು ಆಡಿ ಬಂದಿತ್ತು. ಇಲ್ಲಿ ತೊಂಬತ್ತು ನಿಮಿಷ, ಉತ್ತರದ ಚಳಿ, ಹಲವರದು ಬರಿಗಾಲು. ಪಂದ್ಯ ಕೈಬಿಟ್ಟುಹೋಗಿ ಎಷ್ಟೋ ಹೊತ್ತಾದ ಮೇಲೆ, ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಅಹ್ಮದ್ ಗೋಲು ಹೊಡೆದರು. ಅದನ್ನು ಸಮಾಧಾನದ ಗೋಲು ಎಂದು ಬದಿಗಿಡುವುದು ರೂಢಿ. ಯುಗೊಸ್ಲಾವಿಯದ ಪೂರ್ಣಬಲದ ರಕ್ಷಣೆಯನ್ನು ಆ ಸ್ಥಿತಿಯಲ್ಲೂ ಒಮ್ಮೆ ಭೇದಿಸಿದ ಕಾಲು ಎಂದು ನಾನು ಅದನ್ನು ಓದುತ್ತೇನೆ.

ಆ ಸೋಲಿನ ಬೆನ್ನಿಗೇ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. 1950ರ ವಿಶ್ವಕಪ್‌ಗೆ ನಾವು ಹೋಗದಿದ್ದದ್ದು ಬರಿಗಾಲಿನ ನಿಷೇಧದಿಂದ ಎಂಬ ಕಥೆ ಇಂದಿಗೂ ಚಲಾವಣೆಯಲ್ಲಿದೆ. ಅದು ನಿಲ್ಲುವ ಮಾತಲ್ಲ, ಭಾರತ ತಾನಾಗಿಯೇ ಹಿಂದೆ ಸರಿದಿತ್ತು. ಬರಿಗಾಲಿನ ಯುಗವನ್ನು ನಿಜವಾಗಿ ಮುಗಿಸಿದ್ದು ಹೆಲ್ಸಿಂಕಿ. ಆ ಯುಗದ ಕುಶಲಿಗರು ಅನೇಕರು ಅದರೊಡನೆ ಹಿಂದಕ್ಕೆ ಸರಿದರು. ಅಹ್ಮದ್ ಸರಿಯಲಿಲ್ಲ. ಇಪ್ಪತ್ತಾರರ ವಯಸ್ಸಿನಲ್ಲಿ ಕಾಲಿನ ಅಭ್ಯಾಸವನ್ನೇ ಬದಲಿಸಿಕೊಳ್ಳಬೇಕಾದ ಆಟಗಾರ 1959ರವರೆಗೆ ಈಸ್ಟ್ ಬೆಂಗಾಲ್‌ಗೆ ಆಡಿದರು. 1956ರಲ್ಲಿ ಕ್ಲಬ್ ಮತ್ತೆ ಡ್ಯುರಾಂಡ್ ಗೆದ್ದಿತು. ಅವರ ಚೆಂಡಿನ ಹಿಡಿತ ಬರಿಗಾಲಿನ ಮೇಲಷ್ಟೇ ನಿಂತಿರಲಿಲ್ಲ, ಆಟದ ತಿಳಿವಿನ ಮೇಲೆ ನಿಂತಿತ್ತು ಎನ್ನಲು ಈ ಏಳು ವರ್ಷಗಳಿಗಿಂತ ಬಲವಾದ ಆಧಾರ ಬೇಕಿಲ್ಲ. ನಡುವೆ 1953ರಲ್ಲಿ ಬುಕಾರೆಸ್ಟಿನ ವಿಶ್ವ ಯುವಜನೋತ್ಸವಕ್ಕೆ ಹೋದ ಈಸ್ಟ್ ಬೆಂಗಾಲ್, ಆಸ್ಟ್ರಿಯಾದ ಗ್ರಾಟ್ಸ್ ನಗರದ ಕ್ಲಬ್ಬೊಂದನ್ನು ಸೋಲಿಸಿ ಬಂದಿತು.

ಅರ್ಜುನ ಪ್ರಶಸ್ತಿ ಸ್ಥಾಪನೆಯಾದದ್ದು 1961ರಲ್ಲಿ, ಅಹ್ಮದ್ ಕೋಲ್ಕತ್ತ ಬಿಟ್ಟ ಎರಡು ವರ್ಷಗಳ ನಂತರ. ಅವರ ತಲೆಮಾರಿನ ಎಷ್ಟೋ ಮಂದಿ ಹೀಗೆ ಪ್ರಶಸ್ತಿಗಳ ಪಟ್ಟಿಯಿಂದ ಹೊರಗೇ ಉಳಿದರು. ಅವರ ಊರು ಮಾತ್ರ ಫಾರ್ವರ್ಡ್‌ಗಳನ್ನು ಬೆಳೆಸುತ್ತಲೇ ಇತ್ತು: ಮೋಹನ್ ಬಾಗಾನ್‌ಗೆ ಅರುಮೈನಾಯಗಂ, ಬಳಿಕ ಉಲಗನಾಥನ್. 1968–69ರಲ್ಲಿ ಮೈಸೂರು ಸತತ ಎರಡನೆಯ ಬಾರಿ ಸಂತೋಷ್ ಟ್ರೋಫಿ ಗೆದ್ದಿತು. ಮುಂದಿನ ಗೆಲುವು ಬಂದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ, ಮೇಘಾಲಯದ ವಿರುದ್ಧ 3–2ರಿಂದ. ಅದನ್ನು ಕಾಣಲು ಅಹ್ಮದ್ ಇರಲಿಲ್ಲ. 2017ರ ಆಗಸ್ಟ್ 27ರಂದು, ತೊಂಬತ್ತರ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲೇ ತೀರಿಕೊಂಡಿದ್ದರು.